ಮೊಣಕೈವರೆಗೆ ನೀರು

ನನ್ನ ದೊಡ್ಡಮ್ಮ, ಅಮ್ಮನ ಅಕ್ಕ, ಯಾವ ನೀರನ್ನೂ ಕಣ್ಣಿನಿಂದ ನೋಡಿ ನಂಬಿದವಳಲ್ಲ. ಸ್ನಾನಕ್ಕೆ ನೀರು ಬೆರೆಸಿಟ್ಟಿದೆ ಎಂದು ಕೂಗಿದರೆ ಬಂದು ಬಕೆಟ್ಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಲಗೈಯ ಬೆರಳು, ಆಮೇಲೆ ಅಂಗೈ, ಆಮೇಲೆ ಮಣಿಕಟ್ಟು ಎಂದು ಒಂದೊಂದನ್ನೇ ಇಳಿಸುತ್ತ, ಮೊಣಕೈ ಮುಳುಗಿ ಬೆರಳ ತುದಿಗೆ ತಳ ತಾಗುವವರೆಗೆ ಹೋಗಿ, ಅಲ್ಲಿ ತುಸು ಹೊತ್ತು ಕೈಯನ್ನು ನಿಲ್ಲಿಸಿ, ಕೆಳಗಿನ ನೀರಿನ ಯೋಗಕ್ಷೇಮವನ್ನೆಲ್ಲ ವಿಚಾರಿಸಿಕೊಂಡು, ಒಮ್ಮೆ ಗಿರ್ರನೆ ಕಲಕಿದ ಮೇಲೆಯೇ ಸ್ನಾನದಮನೆಯ ಬಾಗಿಲು ಹಾಕಿಕೊಳ್ಳುವಳು. ಇದು ನೀರಿಗಷ್ಟೇ ಸೀಮಿತವಾಗಿದ್ದರೆ ನಾವು ಸಹಿಸಿಕೊಳ್ಳಬಹುದಿತ್ತು. ಮಾರುಕಟ್ಟೆಯಲ್ಲಿ ತರಕಾರಿಯವಳು ಅಂದವಾಗಿ ಪೇರಿಸಿಟ್ಟ ಬುಟ್ಟಿಯ ತಳಕ್ಕೆ ಕೈ ತೂರಿಸಿ ಬೈಸಿಕೊಳ್ಳುವಳು. ನನಗೆ ಗಂಡು ಗೊತ್ತಾದಾಗ, ಹುಡುಗ ಒಳ್ಳೆಯವನು, ಮಾತು ಮೃದು ಎಂದು ಮನೆಯವರೆಲ್ಲ ಹೊಗಳುತ್ತಿದ್ದರೆ ಅವಳು ಮಾತ್ರ, "ಮೇಲೆ ಚೆನ್ನಾಗಿದೆ, ಸರಿ. ಕೆಳಗೆ?" ಎಂದು ಕೇಳಿ ನನ್ನ ತಾಯಿಯ ಮುಖ ಕೆಂಪೇರಿಸಿದಳು. ಕೆಳಗೂ ಪರವಾಗಿಲ್ಲ ಎಂದು ತಿಳಿಯಲು ನನಗೆ ಕೆಲವು ವರ್ಷ ಹಿಡಿಯಿತು.

ದೊಡ್ಡಮ್ಮ ಹವಾಮಾನ ಕಚೇರಿಯ ಚಂಡಮಾರುತ ವಿಭಾಗದಲ್ಲಿ ಅಧಿಕಾರಿಯಾಗಿದ್ದಳು. ಯಂತ್ರಗಳಿಗೆ ಸೆಖೆಯಾಗಬಾರದೆಂದು ಅಲ್ಲಿನ ಕೋಣೆಯನ್ನು ಸದಾ ಕೊರೆಯುವ ಚಳಿಯಲ್ಲಿ ಇಟ್ಟಿರುತ್ತಿದ್ದರು. ಹೀಗಾಗಿ ಊರೆಲ್ಲ ಬೆವರಿನಲ್ಲಿ ತೊಯ್ದು ತೊಪ್ಪೆಯಾಗುವ ಕಾಲದಲ್ಲೂ ಅವಳು, ತೀರಿಕೊಂಡ ದೊಡ್ಡಪ್ಪನ ಬೂದುಬಣ್ಣದ ಉಣ್ಣೆಯ ಕೋಟು ತೊಟ್ಟುಕೊಂಡೇ ಮನೆಯಿಂದ ಹೊರಟು, ತೊಟ್ಟುಕೊಂಡೇ ಮರಳುವಳು. ಕಂಡಕಂಡ ನೀರಿಗೆಲ್ಲ ಇಳಿದಿಳಿದು ಆ ಕೋಟಿನ ಬಲತೋಳು ಕುಗ್ಗಿ, ಎಡತೋಳಿಗಿಂತ ಗಿಡ್ಡವಾಗಿತ್ತು. ನಡಿಗೆಯೋ, ಎದುರುಗಾಳಿಗೆ ಎದೆಯೊಡ್ಡಿದವರ ನಡಿಗೆ. ಗಾಳಿಯ ಸುಳಿವೇ ಇಲ್ಲದ ಪಡಸಾಲೆಯಲ್ಲೂ ಮುಂದಕ್ಕೆ ಬಾಗಿ, ತಲೆ ತಗ್ಗಿಸಿ, ನುಗ್ಗಿಕೊಂಡು ಬರುವಳು. ಬಂದರಿನಲ್ಲಿ ಐಸ್ ಕಾರ್ಖಾನೆ ನಡೆಸುತ್ತಿದ್ದ ನನ್ನ ತಂದೆಗೆ ಈ ಅತ್ತಿಗೆಯನ್ನು ಕಂಡರೆ ಎಷ್ಟು ಗೌರವವೋ ಅಷ್ಟೇ ಚೇಷ್ಟೆ. "ಅತ್ತಿಗೆ ಬರ್ತಿದ್ದಾರೆ, ಕಿಟಕಿ ಬಾಗಿಲು ಭದ್ರ ಮಾಡ್ರಿ" ಎಂದು ಒಳಗೆ ಕೂಗುವರು. ಬಂದರಿನ ಜನ ಅವಳಿಗೆ ಇಟ್ಟ ಹೆಸರು ಕೋಟಮ್ಮ. ಅದು ಅವಳಿಗೆ ಗೊತ್ತಿತ್ತು. ಕರೆದರೆ ತಿರುಗಿಯೂ ನೋಡುತ್ತಿದ್ದಳು.

ಅವಳ ಎಡ ಮಣಿಕಟ್ಟಿನ ಮೇಲೆ ಒಂದು ಹಳೆಯ ಸುಟ್ಟ ಕಲೆ. ಎಳೆಯ ಪ್ರಾಯದಲ್ಲಿ ಕುದಿಯುವ ಪಾತ್ರೆಯ ಮುಚ್ಚಳ ತೆಗೆಯಲು ಹೋಗಿ ಆವಿ ಹೊಡೆದದ್ದಂತೆ. ಬೇರೆಯವರಾಗಿದ್ದರೆ ಬಳೆಯ ಕೆಳಗೆ ಮುಚ್ಚಿಕೊಳ್ಳುತ್ತಿದ್ದರು; ಅವಳಿಗೆ ಅದು ಪಾಠದ ಕಪ್ಪುಹಲಗೆ. ಚಂಡಮಾರುತ ಹೇಗಾಗುತ್ತದೆ ಎಂದು ಯಾರು ಕೇಳಿದರೂ ಮೊದಲು ಆ ಕಲೆಯನ್ನು ಮುಂದೆ ಹಿಡಿಯುವಳು. "ಕುದಿಯೋ ನೀರು ಬಿದ್ದಿದ್ರೆ ಇಷ್ಟು ಸುಡ್ತಿರಲಿಲ್ಲ. ಆವಿ ಚರ್ಮಕ್ಕೆ ತಾಗಿ ಮತ್ತೆ ನೀರಾಗುತ್ತಲ್ಲ, ಆಗ ಹೊತ್ಕೊಂಡು ಬಂದಿದ್ದ ಬಿಸಿನೆಲ್ಲ ಅಲ್ಲೇ ಇಳಿಸಿಬಿಡುತ್ತೆ. ಗಾಳಿ ಬರೀ ಕೂಲಿ ಕಣೇ. ಯಜಮಾನ ನೀರು." ತಿಂಗಳುಗಟ್ಟಲೆ ಬಿಸಿಲುಂಡು ಕಾದ ಕಡಲು ಆವಿಯಾಗಿ ಏಳುವಾಗ ತನ್ನ ಬಿಸಿಯನ್ನು ಗಂಟುಕಟ್ಟಿ ಆವಿಯ ತಲೆಯ ಮೇಲೆ ಹೊರಿಸಿ ಕಳಿಸುತ್ತದೆ. ಎತ್ತರದ ತಂಪಿನಲ್ಲಿ ಆ ಆವಿ ಹನಿಗೂಡಿ ಮೋಡವಾಗುವಾಗ ಗಂಟು ಬಿಚ್ಚಿಕೊಳ್ಳುತ್ತದೆ. ಅದರಿಂದ ಕಾದ ಗಾಳಿ ಇನ್ನೂ ಮೇಲಕ್ಕೆ ನುಗ್ಗುತ್ತದೆ, ಅದು ತೆರವು ಮಾಡಿದ ಜಾಗಕ್ಕೆ ಸುತ್ತಲಿನ ಗಾಳಿ ಕಡಲ ಮೈಯನ್ನು ಉಜ್ಜಿಕೊಂಡು ಓಡಿಬರುತ್ತದೆ, ಭೂಮಿ ತಿರುಗುತ್ತಿರುವುದರಿಂದ ನೇರ ಬರಲಾರದೆ ಸುತ್ತುತ್ತ ಬರುತ್ತದೆ. ಹಾಗೆ ಉಜ್ಜಿದ ಭರಕ್ಕೆ ಇನ್ನಷ್ಟು ಆವಿ ಏಳುತ್ತದೆ. ಕೆಳಗೆ ಬಿಸಿನೀರು ಇರುವ ತನಕ ಈ ಒಲೆ ಆರುವುದಿಲ್ಲ. ಇದನ್ನೆಲ್ಲ ಅವಳು ನನಗೆ ಎಷ್ಟು ಸಲ ಹೇಳಿದ್ದಳೆಂದರೆ, ಬಂದರಿನ ಮೇಲಿನ ದಿಬ್ಬದಲ್ಲಿದ್ದ ಶಾಲೆಯಲ್ಲಿ ನಾನು ಪಾಠ ಮಾಡುವಾಗ ನನಗರಿವಿಲ್ಲದೆ ನನ್ನ ಎಡಗೈ ಮುಂದಕ್ಕೆ ಚಾಚುತ್ತಿತ್ತು, ನನ್ನ ಕೈಮೇಲೆ ಯಾವ ಕಲೆಯೂ ಇಲ್ಲದಿದ್ದರೂ.

ಆದರೆ ಮೊಣಕೈ ಮುಳುಗಿಸುವ ಚಾಳಿ ಹುಟ್ಟಿನಿಂದ ಬಂದದ್ದಲ್ಲ. ಮೊದಲೆಲ್ಲ ಅವಳು ನಮ್ಮ ನಿಮ್ಮ ಹಾಗೆ ಬೆರಳ ತುದಿ ಅದ್ದಿ ನೋಡಿದರೆ ತೃಪ್ತಳಾಗುತ್ತಿದ್ದಳು. ಒಂದು ವರ್ಷ, ಕಡಲು ವಿಪರೀತ ಕಾದಿತ್ತು. ಕಚೇರಿಯ ಭೂಪಟದಲ್ಲಿ ನೀರಿನ ಬಿಸಿಯನ್ನು ತೋರಿಸುವ ಬಣ್ಣ ಕಡುಗೆಂಪಾಗಿತ್ತು, ಅದರ ನಟ್ಟನಡುವೆ ಒಂದು ಬಿರುಗಾಳಿ ಕಣ್ಣು ಬಿಡುತ್ತಿತ್ತು. ದೊಡ್ಡಮ್ಮ ಹಿಂದೆಮುಂದೆ ನೋಡದೆ ಉಗ್ರ ಚಂಡಮಾರುತದ ಎಚ್ಚರಿಕೆ ಬರೆದಳು. ಬಂದರು ಬರಿದಾಯಿತು. ದೋಣಿಗಳನ್ನು ಹಿನ್ನೀರಿಗೆ ಎಳೆದು ಕಟ್ಟಿದರು, ಹೆಂಗಸರು ಮಕ್ಕಳು ಮುದುಕರು ನಮ್ಮ ಶಾಲೆಯ ನೆಲದ ಮೇಲೆ ಚಾಪೆ ಹಾಸಿದರು, ಮುಂಜಾಗ್ರತೆಗೆಂದು ಕರೆಂಟು ತೆಗೆದದ್ದರಿಂದ ಅಪ್ಪನ ಕಾರ್ಖಾನೆಯ ಐಸು ಕೊಳ್ಳುವವರಿಲ್ಲದೆ ಕರಗಿ ಬೀದಿಯುದ್ದಕ್ಕೂ ಹರಿಯಿತು. ಬಿರುಗಾಳಿ ಮಾತ್ರ ಬರಲೊಲ್ಲದು. ದೂರದ ಕಡಲಿನಲ್ಲಿ ನಿಂತಲ್ಲೇ ನಿಂತು, ಕಡೆಗೆ ಬಡಕಲಾಗಿ ದಡಕ್ಕೆ ಬಂದು, ಒಂದಿಷ್ಟು ಜಿಟಿಜಿಟಿ ಮಳೆ ಸುರಿಸಿ ಹೋಯಿತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಜನ ಚಾಪೆ ಸುತ್ತಿಕೊಂಡು ಇಳಿಯುವಾಗ ಆಡಿದ ಮಾತುಗಳನ್ನು ಬರೆಯುವ ಹಾಗಿಲ್ಲ. ಅಪ್ಪನ ಮಾತನ್ನು ಬರೆಯಬಹುದು: "ಅತ್ತಿಗೆ, ನಿಮ್ಮ ಚಂಡಮಾರುತಕ್ಕೆ ನನ್ನ ಟವಲ್ಲೂ ಒಣಗಲಿಲ್ಲ."

ಕಚೇರಿಯ ದೊಡ್ಡ ಸಾಹೇಬರು, ಪ್ರಕೃತಿಯ ಲೀಲೆ ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳೋಣ ಎಂದರಂತೆ. ದೊಡ್ಡಮ್ಮ ಕೈತೊಳೆಯಲು ಒಪ್ಪದೆ ಪಕ್ಕದ ಕೋಣೆಗೆ ಹೋದಳು. ಅಲ್ಲಿ ಕೂರುವವರು ಕಡಲಿನೊಳಕ್ಕೆ ಮುಳುಗಿ ಏಳುವ ಅಳತೆಯ ಯಂತ್ರಗಳ ಲೆಕ್ಕ ಇಡುವವರು. ಒಂದೇ ಗೋಡೆಯ ಆಚೆ ಈಚೆ ಇದ್ದರೂ ಅವರ ಕಾಗದವನ್ನು ಇವರು ಕೇಳುವ ಪದ್ಧತಿ ಇರಲಿಲ್ಲ. ಅದು ಆಳದವರ ಕೆಲಸ, ಇದು ಗಾಳಿಯವರ ಕೆಲಸ ಎಂದು ಹಿಂದಿನಿಂದ ನಡೆದುಬಂದಿತ್ತು. ಆ ಕಾಗದದಲ್ಲಿ ಎಲ್ಲವೂ ಇತ್ತು. ಬಿಸಿನೀರು ಹಾಲಿನ ಕೆನೆಯಷ್ಟು ತೆಳುವಾಗಿ ಮೇಲೆ ತೇಲುತ್ತಿತ್ತು, ಅದರ ಕೆಳಗೆಲ್ಲ ತಣ್ಣೀರು. ಬಿರುಗಾಳಿ ನಿಂತಲ್ಲೇ ನಿಂತು ಕಡೆದದ್ದರಿಂದ ಆ ತಣ್ಣೀರು ಮೇಲಕ್ಕೆ ಬಂತು, ಬಿರುಗಾಳಿ ತನ್ನ ಒಲೆಯನ್ನು ತಾನೇ ಆರಿಸಿಕೊಂಡಿತು. ದೊಡ್ಡಮ್ಮ ಆ ಕಾಗದ ನೋಡುತ್ತ ಕೂತಾಗ ನಾಚಿಕೆಯಿಂದ ಕಿವಿ ಬಿಸಿಯಾದವು ಎಂದು ಅವಳೇ ನನಗೆ ಹೇಳಿದ್ದಾಳೆ.

ಮರುದಿನ ಬೆಳಗ್ಗೆ ಕೋಟು ತೊಟ್ಟುಕೊಂಡು ಮೀನಿನ ಹರಾಜುಕಟ್ಟೆಗೆ ಬಂದಳು. ಅಲ್ಲಿನ ಒಡತಿ ಎಂದರೆ ಹರಾಜಿನಕ್ಕ; ಈ ತುದಿಯಲ್ಲಿ ಕೂಗಿದರೆ ಆ ತುದಿಯ ದೋಣಿಯಲ್ಲಿ ನಿದ್ದೆಹೋದವರು ಎದ್ದು ಕೂರುವಂಥ ಕಂಠ, ತಕ್ಕಡಿ ಹಿಡಿದರೆ ಗಂಡನನ್ನೂ ನಂಬದ ಹೆಂಗಸು. ದೊಡ್ಡಮ್ಮ ಅವಳಿಂದ ಮೀನು ತೊಳೆಯುವ ತೊಟ್ಟಿ ಕೇಳಿದಳು, ಅಪ್ಪನಿಂದ ಐಸು ತರಿಸಿ ನೀರನ್ನು ತಣ್ಣಗೆ ಮಾಡಿದಳು, ಮೇಲೊಂದು ತೆಳು ಹಲಗೆ ತೇಲಿಬಿಟ್ಟು, ಚಹಾ ಅಂಗಡಿಯ ಕೆಟಲಿನ ಬಿಸಿನೀರನ್ನು ಹಲಗೆಯ ಮೇಲೆ ಮೆಲ್ಲಮೆಲ್ಲಗೆ ಹರಿಸಿದಳು. ನಗಲು ಬಂದವರು, ಬೈಯಲು ಬಂದವರು ಎಲ್ಲರೂ ಸುತ್ತ ನೆರೆದರು.

"ಬೆರಳು ಅದ್ದಿ ನೋಡಕ್ಕ. ಹೇಗಿದೆ?"

"ಬಿಸಿ ಇದೆ," ಎಂದಳು ಹರಾಜಿನಕ್ಕ.

ದೊಡ್ಡಮ್ಮ ತೋಳು ಮೇಲಕ್ಕೆ ಸರಿಸದೆಯೇ ಕೈ ಮುಳುಗಿಸಿ ಗಿರ್ರನೆ ಕಲಕಿದಳು. "ಈಗ?"

"ಅಯ್ಯೋ, ತಣ್ಣಗಾಯ್ತು."

"ನಾನು ಬೆರಳು ಅದ್ದಿ ಹೇಳಿಬಿಟ್ಟೆ. ಕೆಳಗೆ ಕೈ ಹಾಕಿ ನೋಡಲಿಲ್ಲ. ತಪ್ಪು ಕಡಲಿನದ್ದಲ್ಲ, ನಂದು. ನಿಮ್ಮನ್ನೆಲ್ಲ ಸುಮ್ಮನೆ ಅಲೆಸಿದೆ."

ಸರಕಾರದ ಕಡೆಯವರು ಬಂದು ತಪ್ಪು ನಮ್ಮದು ಎಂದು ಹೇಳಿದ್ದನ್ನು ಆ ಕಟ್ಟೆ ಅದುವರೆಗೆ ಕೇಳಿರಲಿಲ್ಲ. ಕೇಳಿದ ಮೇಲೆ ಏನು ಮಾಡಬೇಕೆಂಬುದೂ ತಿಳಿದಿರಲಿಲ್ಲ. ಕೊನೆಗೆ ಹರಾಜಿನಕ್ಕ ಒದ್ದೆ ಕೈ ಒರೆಸಿಕೊಳ್ಳುತ್ತ, "ಹಾಗಾದ್ರೆ ಇನ್ಮೇಲೆ ಹೇಳೋವಾಗ ಕೆಳಗಿಂದೂ ಸೇರಿಸಿ ಹೇಳಮ್ಮ. ಅರ್ಧ ಬುಟ್ಟಿ ತೋರಿಸಿ ಪೂರ್ತಿ ಬುಟ್ಟಿ ಮಾರೋದು ನಮ್ಮಲ್ಲಿ ನಡಿಯಲ್ಲ" ಎಂದಳು.

ಇಲಾಖೆಯ ಮರ್ಯಾದೆಯನ್ನು ಮೀನಿನ ತೊಟ್ಟಿಯಲ್ಲಿ ಮುಳುಗಿಸಿದಿರಿ ಎಂದು ದೊಡ್ಡ ಸಾಹೇಬರು ಕೂಗಾಡಿದರು. "ಮರ್ಯಾದೆ ಹೋಗಿದ್ದು ಮೊನ್ನೆ ಸಾರ್. ನಿನ್ನೆ ನಾನು ಹೋಗಿದ್ದು ಅದನ್ನ ವಾಪಸ್ ತರೋಕೆ" ಎಂದಳಂತೆ ದೊಡ್ಡಮ್ಮ. ಪ್ರಕಟಣೆಯಲ್ಲಿ ಆಳದ ನೀರಿನ ಬಗ್ಗೆ ಒಂದು ಸಾಲು ಸೇರಿಸಲು ಕೇಳಿದಳು. ಜನಸಾಮಾನ್ಯರಿಗೆ ಅದೆಲ್ಲ ತಿಳಿಯುವುದಿಲ್ಲ ಎಂದು ಸಾಹೇಬರು ಹೊಡೆದುಹಾಕಿದರು. ತಂಗಿಯ ಮನೆಗೆ ಫೋನ್ ಮಾಡಲು ಯಾರ ಅನುಮತಿಯೂ ಬೇಕಿಲ್ಲವಷ್ಟೆ. ಬಿರುಗಾಳಿಯ ಕಾಲ ಬಂದರೆ ದಿನಾ ಬೆಳಗ್ಗೆ ನಮ್ಮ ಕಾರ್ಖಾನೆಯ ಫೋನು ಬಡಿದುಕೊಳ್ಳತೊಡಗಿತು. ಐಸು ಇದೆ, ಇಲ್ಲ ಎಂದು ಬರೆಯುವ ಹಲಗೆಯ ಕೆಳಭಾಗದಲ್ಲಿ ಅಪ್ಪ ಸೀಮೆಸುಣ್ಣದಿಂದ ಬರೆಯುವರು: ಮೇಲೆ ಬಿಸಿ, ಕೆಳಗೆ ತಣ್ಣಗೆ. ಸುಮ್ಮನಿರಲಾರದೆ ಒಂದು ದಿನ ಅದರ ಪಕ್ಕದಲ್ಲಿ, ಅತ್ತಿಗೆಯೂ ತಣ್ಣಗಿದ್ದಾರೆ ಎಂದು ಸೇರಿಸಿ ಅಮ್ಮನಿಂದ ಬೈಸಿಕೊಂಡರು. ಐಸಿಗೆ ಬರುವ ದೋಣಿಯವರು ಹಲಗೆ ಓದುತ್ತ ಓದುತ್ತ ಆ ಮಾತಿಗೆ ಒಗ್ಗಿಹೋದರು. ಕಡಲಿಂದ ಬಂದವರು, ಬಲೆ ಎಳೆಯುವಾಗ ಕೈಗೆ ತಾಗಿದ ಹಗ್ಗ ಎಲ್ಲಿಂದ ತಣ್ಣಗಿತ್ತು ಎಂದು ತಾವಾಗಿಯೇ ಹೇಳಿ ಹೋಗುವ ಮಟ್ಟಕ್ಕೆ ಬಂತು.

ಕೆಲವು ಕಾಲ ಕಳೆದು ಇನ್ನೊಂದು ಬಿರುಗಾಳಿ ಎದ್ದಿತು. ಈ ಸಲ ಭೂಪಟದ ಮೇಲೆ ಕೆಂಪಿನ ಅಬ್ಬರವಿಲ್ಲ. ಸಾಧಾರಣ ಬಣ್ಣ, ಸಾಧಾರಣ ಗಾಳಿ. ಆದರೆ ಪಕ್ಕದ ಕೋಣೆಯ ಕಾಗದದಲ್ಲಿ ಬಿಸಿನೀರು ಕೆಳಕೆಳಕ್ಕೆ ಇಳಿದೇ ಇತ್ತು, ತಣ್ಣೀರಿನ ಗೆರೆ ಎಲ್ಲೋ ಪಾತಾಳದಲ್ಲಿ. ಬಿರುಗಾಳಿ ಎಷ್ಟು ಕಡೆದರೂ ಮೇಲೆ ಬರುವುದು ಬಿಸಿನೀರೇ ಎಂದು ದೊಡ್ಡಮ್ಮ ವಾದಿಸಿದಳು. ಒಂದು ಸಲ ನಗೆಪಾಟಲಾದ ಸಾಹೇಬರಿಗೆ ಎರಡನೆಯ ಸಲಕ್ಕೆ ಧೈರ್ಯ ಸಾಲದು. ತೀವ್ರಗೊಳ್ಳುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು, ಹಾವೂ ಸಾಯದ ಕೋಲೂ ಮುರಿಯದ ಒಂದು ವಾಕ್ಯ ಹೊರಟಿತು. ಅವಳು ಆ ದಿನ ಪಟ್ಟ ಸಂಕಟ ಸಣ್ಣದಲ್ಲ. ಈ ಸಲವೂ ಗಾಳಿ ಬರದಿದ್ದರೆ ಆ ಬಂದರಿನಲ್ಲಿ ಅವಳ ಮಾತಿಗೆ ಮುಂದೆಂದೂ ಬೆಲೆಯಿಲ್ಲ. ಬಂದರೆ, ಸುಮ್ಮನಿದ್ದ ಪಾಪಕ್ಕೆ ತಂಗಿಯ ಮನೆಯವರೂ ಸೇರಿ ಅಲ್ಲಿ ಯಾರೂ ಉಳಿಯುವುದಿಲ್ಲ. ಬೆಳಗ್ಗೆ ಫೋನು ಬಂತು. ಎತ್ತಿಕೊಂಡ ಅಪ್ಪ, ಐಸಿಗೆ ನಿಂತಿದ್ದ ಹರಾಜಿನಕ್ಕನಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಹೊರಗೆ ಕಣ್ಣು ಕೋರೈಸುವ ಬಿಸಿಲು.

"ಕೆಳಗೂ ಬಿಸಿನಾ ಅಮ್ಮ?" ಎಂದು ಕೇಳಿದಳು ಹರಾಜಿನಕ್ಕ.

"ನಿಮ್ಮ ಅತಿ ದೊಡ್ಡ ಬಲೆ ಪೂರ್ತಿ ಇಳಿದ್ರೂ ಬಿಸಿನೇ."

"ನಿಂತಿದ್ಯಾ, ನಡೀತಿದ್ಯಾ?"

"ನಡೀತಿದೆ. ನಿಲ್ಲೋ ಲಕ್ಷಣ ಇಲ್ಲ. ಸಂಜೆ ಹೊತ್ತಿಗೆ ನಿಮ್ಮಲ್ಲಿಗೆ ಮುಟ್ಟುತ್ತೆ."

ಹರಾಜಿನಕ್ಕ ಮತ್ತೊಂದು ಮಾತು ಕೇಳಲಿಲ್ಲ. ಬಾಗಿಲಿಗೆ ಬಂದು ಕಟ್ಟೆಯ ಕಡೆ ತಿರುಗಿ, "ಕೆಳಗೂ ಬಿಸಿಯಂತೆ! ಎಲ್ಲ ಬಿಟ್ಟು ಏಳ್ರೋ!" ಎಂದು ಒಂದು ಕೂಗು ಹಾಕಿದಳು. ಇಲಾಖೆಯ ಪ್ರಕಟಣೆಯನ್ನು ರೇಡಿಯೋ ಓದಿ ಮುಗಿಸುವ ಮೊದಲೇ ಮೊದಲ ಗಾಡಿ ದಿಬ್ಬ ಹತ್ತುತ್ತಿತ್ತು.

ಅಪ್ಪ ಮಾತ್ರ ಅಲುಗಲಿಲ್ಲ. ಆಗತಾನೇ ಐಸು ತುಂಬಿದ ಕಾರ್ಖಾನೆ; ಕಳೆದ ಸಲ ಕರಗಿ ಹರಿದದ್ದು ಕಣ್ಣ ಮುಂದೆ ಇನ್ನೂ ಹರಿಯುತ್ತಿತ್ತು. "ನಾನು ಇಲ್ಲೇ ಇರ್ತೀನಿ ಅತ್ತಿಗೆ. ಗೋಡೆ ಗಟ್ಟಿ ಇದೆ" ಎಂದರು.

"ನಿಮ್ಮ ಕಾರ್ಖಾನೆ ಹಿಂದುಗಡೆ ಹೋಗಿ ನಿಂತ್ಕೊಂಡ್ರೆ ಹೇಗಿರುತ್ತೆ?"

"ಬೇಯುತ್ತೆ. ನೀರಿನ ಬಿಸಿನೆಲ್ಲ ಅಲ್ಲೇ ಅಲ್ವಾ ಹೊರಗೆ ಹಾಕೋದು."

"ಅದೂ ಅದೇ ಕೆಲಸ ಮಾಡ್ತಿದೆ. ಕಡಲಿಂದ ಬಿಸಿ ತೆಗೆದು ಮೇಲೆ ಹಾಕ್ತಿದೆ. ನಿಮ್ಮದು ಒಂದು ಮನೆಯಷ್ಟು ಯಂತ್ರ, ಅದು ಒಂದು ದೇಶದಷ್ಟು."

ಯಂತ್ರದ ಮಾತು ಬಂದದ್ದೇ ಅಪ್ಪನ ದನಿ ಬದಲಾಯಿತು. "ಮಧ್ಯದಲ್ಲಿ ಅದಕ್ಕೆ ಕರೆಂಟು ಹೋಗಲ್ವಾ?"

"ನೆಲ ಹತ್ತಿದ ಮೇಲೆ ಹೋಗುತ್ತೆ. ಕೆಳಗೆ ನೀರಿರಲ್ಲ, ಎಲ್ಲಿಂದ ತಗೊಳ್ಳುತ್ತೆ? ಆದರೆ ನೆಲ ಅಂತ ಅದಕ್ಕೆ ಮೊದಲು ಸಿಗೋದೇ ನೀವು."

ಅಪ್ಪ, ಅಮೋನಿಯಾ ಕೊಳವೆಗಳನ್ನೆಲ್ಲ ಮುಚ್ಚಿ ಭದ್ರಮಾಡದೆ ಹೋಗುವಂತಿಲ್ಲ, ಅದು ಸೋರಿದರೆ ಗಾಳಿಗಿಂತ ಕೇಡು, ಮುಗಿಸಿ ಬರುತ್ತೇನೆ, ಸಂಜೆಯವರೆಗೆ ಸಮಯವಿದೆಯಲ್ಲ ಎಂದರು. ಇದೆ ಎಂದಳು ದೊಡ್ಡಮ್ಮ.

ಸಮಯವಿರಲಿಲ್ಲ. ನಡುಮಧ್ಯಾಹ್ನಕ್ಕೆ ಮೊದಲೇ ಆಕಾಶ ಕಪ್ಪಿಟ್ಟು, ಗಾಳಿ ಎದ್ದು, ಕಡಲು ಬೀದಿಗೆ ಬಂತು. ಶಾಲೆಯ ಜಗಲಿಯಲ್ಲಿ ನಿಂತ ಅಮ್ಮನ ಕೈ ಹಿಡಿದುಕೊಂಡು ನಾನು ನೋಡುತ್ತಿದ್ದೆ. ಕೊನೆಗೆ, ಬೇಲಿಯ ಕಂಬ ಒಂದೊಂದನ್ನೇ ಅಪ್ಪಿಕೊಳ್ಳುತ್ತ, ಸೊಂಟದ ನೀರಿನಿಂದ ಅಪ್ಪ ದಿಬ್ಬ ಹತ್ತಿ ಬಂದರು. ಚಪ್ಪಲಿ ಇರಲಿಲ್ಲ, ಕನ್ನಡಕ ಇರಲಿಲ್ಲ, ಚೇಷ್ಟೆಯೂ ಇರಲಿಲ್ಲ. ಅಷ್ಟು ಹೆದರಿದ ಅಪ್ಪನನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. "ಅತ್ತಿಗೆಗೆ ಇದನ್ನ ಹೇಳಬೇಡಿ" ಎಂದಷ್ಟೇ ಹೇಳಿ ಗೋಡೆಗೊರಗಿ ಕೂತರು.

ಬಂದರಿನಲ್ಲಿ ಹರಾಜುಕಟ್ಟೆಯ ಕಂಬಗಳು ಉಳಿದವು, ಮಾಡು ಹಾರಿತು. ಕಾರ್ಖಾನೆಯ ತಗಡು ಹಿನ್ನೀರಿನಲ್ಲಿ ಬಿದ್ದಿತ್ತು. ಗಟ್ಟಿ ಗೋಡೆ ಎಂದಿದ್ದ ಗೋಡೆ ಇರಲಿಲ್ಲ. ಜನ ಮಾತ್ರ ಅಷ್ಟೂ ಇದ್ದರು, ಒಬ್ಬರೂ ಕಡಿಮೆಯಾಗಿರಲಿಲ್ಲ.

ದಾರಿ ತೆರವಾದ ಕೂಡಲೆ ದೊಡ್ಡಮ್ಮ ಬಂದಳು. ಅದೇ ಕೋಟು, ಅದೇ ಎದುರುಗಾಳಿಯ ನಡಿಗೆ. ಹೆಂಗಸರು ಕೈ ಹಿಡಿದು ಅತ್ತರು, ಯಾರೋ ಕೂರಲು ಬೋರಲು ಬಿದ್ದ ದೋಣಿ ತೋರಿಸಿದರು. ಅವಳು ಕೂರದೆ, "ತೊಟ್ಟಿ ಇದ್ಯಾ?" ಎಂದು ಕೇಳಿದಳು.

"ತೊಟ್ಟಿ ಕಡಲಿಗೆ ಹೋಯ್ತು. ಈ ಸಲ ನೀವು ಹೇಳಿದ್ದು ಸರಿಯಾಗೇ ಇತ್ತಲ್ಲಮ್ಮ, ಇನ್ನೇನು ತೋರಿಸ್ತೀರಿ?" ಎಂದಳು ಹರಾಜಿನಕ್ಕ.

"ಎಲ್ಲಿ ಸರಿ? ಸಂಜೆ ಬರುತ್ತೆ ಅಂದೆ, ಮಧ್ಯಾಹ್ನಕ್ಕೇ ಬಂತು. ನನ್ನ ಮಾತು ನಂಬಿ ಯಾರಾದ್ರೂ ಸಂಜೆ ತನಕ ಅಂತ ಇಲ್ಲಿ ಕೂತಿದ್ರೆ ಏನು ಗತಿಯಾಗ್ತಿತ್ತು?"

ಯಾರೂ ಅಪ್ಪನ ಕಡೆ ನೋಡಲಿಲ್ಲ. ಅವರು ಕೊಳವೆ ಮುಚ್ಚಿ ಬೇಗನೇ ದಿಬ್ಬ ಹತ್ತಿದ್ದರೆಂದೇ ದೊಡ್ಡಮ್ಮ ತಿಳಿದಿದ್ದಳು. ಅಷ್ಟು ಜನ ಒಟ್ಟಾಗಿ ಒಬ್ಬನ ಕಡೆ ನೋಡದಿರುವುದನ್ನು ಕಂಡೇ ಅವಳಿಗೆ ಎಲ್ಲ ತಿಳಿದುಹೋಯಿತು. ಕೋಟಿನ ಗಿಡ್ಡ ತೋಳನ್ನು ಎಳೆದುಕೊಂಡಳು.

ಅಪ್ಪ ಎದ್ದು ಹೋಗಿ, ಅವಶೇಷಗಳ ನಡುವಿನಿಂದ ಒಂದು ನೆಗ್ಗಿದ ಬಕೆಟ್ ಹುಡುಕಿ, ನೀರು ತುಂಬಿ ತಂದು ಅವಳ ಮುಂದೆ ಇಟ್ಟರು. ತಾವೇ ಕುಕ್ಕರಗಾಲಿನಲ್ಲಿ ಕೂತು, ಅಂಗಿಯ ತೋಳು ಮಡಚಿ, ಬಲಗೈಯನ್ನು ಮೊಣಕೈವರೆಗೆ ಇಳಿಸಿದರು.

"ಹೇಳಿ ಅತ್ತಿಗೆ. ಬೇಗ ಯಾಕೆ ಬಂತು?"

ದೊಡ್ಡಮ್ಮ ಎದುರಿಗೆ ಕೂತಳು. "ಅದರ ಹೊಟ್ಟೆ ನೋಡಿದೆ. ಕಾಲು ನೋಡಲಿಲ್ಲ" ಎಂದು ಆರಂಭಿಸಿ, ಕಡಲಿಗಿಂತ ಬಹಳ ಎತ್ತರದಲ್ಲಿ ಹರಿಯುವ ದೊಡ್ಡ ಗಾಳಿಯೊಂದು ಅದನ್ನು ಹೇಗೆ ದಡದ ಕಡೆ ತಳ್ಳಿತು ಎಂಬುದನ್ನು, ಬಕೆಟ್ಟಿನ ನೀರಿನ ಮೇಲೆ ಒಂದು ಹುಲ್ಲುಕಡ್ಡಿ ತೇಲಿಬಿಟ್ಟು ಊದಿ ಊದಿ ತೋರಿಸಿದಳು. ಸುಡುವ ಬಿಸಿಲಿನಲ್ಲಿ, ಮಾಡು ಹಾರಿದ ಕಟ್ಟೆಯ ಮೇಲೆ, ಮನೆ ಕಳೆದುಕೊಂಡ ಜನ ಪಾಠ ಮುಗಿಯುವವರೆಗೆ ನಿಂತು ಕೇಳಿದರು.

ಈಗ ಅವಳಿಗೆ ಕೆಲಸದಿಂದ ನಿವೃತ್ತಿಯಾಗಿದೆ, ಬಕೆಟ್ಟಿನಿಂದ ಆಗಿಲ್ಲ. ಮುಂದಾಗುವುದನ್ನು ಹೇಳುವವರು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಹೇಳಿದ್ದು ನಿಜವಾದರೆ ಹಾರಕ್ಕೆ ಕೊರಳೊಡ್ಡುತ್ತಾರೆ, ಸುಳ್ಳಾದರೆ ಊರು ಬಿಡುತ್ತಾರೆ. ದೊಡ್ಡಮ್ಮನ ಜಾತಿಯವರು ಬೇರೆ. ಅವರು ಸುಳ್ಳಾದಾಗಲೂ ಬರುತ್ತಾರೆ, ನಿಜವಾದಾಗಲೂ ಬರುತ್ತಾರೆ, ಬಂದು ತಾವು ಎಲ್ಲಿ ಎಡವಿದೆವು ಎಂಬುದನ್ನೇ ಹೇಳುತ್ತಾರೆ. ಒಟ್ಟಿಗೆ ಬಾಳುವುದಕ್ಕೆ ಇಂಥವರು ಸುಖದ ಜನರಲ್ಲ. ಚಹಾದ ಲೋಟಕ್ಕೆ ಬೆರಳು ಹಾಕುತ್ತಾರೆ, ತಮಾಷೆಗೆ ಅಂದ ಮಾತಿನ ತಳ ಹುಡುಕುತ್ತಾರೆ, ಹೊಗಳಿದರೆ ಮುಜುಗರಪಟ್ಟು ಹೊಗಳಿದವರ ಲೆಕ್ಕ ತಿದ್ದುತ್ತಾರೆ. ಆದರೆ ಬೀದಿಗೆ ಕಡಲು ಬರುವ ದಿನ, ಬಿಸಿಲು ಹೊಳೆಯುತ್ತಿದ್ದರೂ ಗಂಟುಮೂಟೆ ಕಟ್ಟಿ ಎದ್ದು ಹೊರಡುವಂತೆ ಜನರನ್ನು ಎಬ್ಬಿಸುವ ಶಕ್ತಿ ಇಂಥವರ ಮಾತಿಗೆ ಮಾತ್ರ ಇರುತ್ತದೆ. ಆ ಶಕ್ತಿ ಮೇಲ್ಗಡೆಯಿಂದ ಬಂದದ್ದಲ್ಲ. ತೊಟ್ಟಿಯ ಮುಂದೆ ಕೂತು ಒಪ್ಪಿಕೊಂಡ ಒಂದೊಂದು ತಪ್ಪಿನಿಂದ ಅದು ಕಡಲ ನೀರಿನ ಹಾಗೆ ಕೆಳಗೆ, ಬಹಳ ಆಳದವರೆಗೆ ಬಿಸಿಯೇರಿರುತ್ತದೆ.